ಅವರೆ ಬಡಿಯುವ ಕೋಲಿಗೆ ಮೊದಲ ವೀಳ್ಯ

ಬೆಳಿಗ್ಗೆ ಕನ್ನಡಕ ಹುಡುಕುತ್ತಾ, ನಿನ್ನೆ ಮದುವೆಗೆ ಹಿಡಿದುಕೊಂಡು ಹೋಗಿದ್ದ ಕೈಚೀಲದೊಳಗೆ ಕೈ ಹಾಕಿದೆ. ಕನ್ನಡಕದ ಬದಲು ತಣ್ಣಗೆ ಎರಡು ವೀಳ್ಯದೆಲೆ ಸಿಕ್ಕವು. ಒಂದರ ಅಂಚು ಬಾಡಿತ್ತು, ಇನ್ನೊಂದು ಹಾಗೇ ಇತ್ತು. ಮೂಗಿನ ಹತ್ತಿರ ಹಿಡಿದರೆ ಅದೇ ಹಳೆಯ ಖಾರದ ವಾಸನೆ. ಕಲ್ಯಾಣ ಮಂಟಪದ ಬಾಗಿಲಲ್ಲಿ ಬಂದವರಿಗೆಲ್ಲ ಒಂದೊಂದು ಕೊಡುತ್ತಾರಲ್ಲ, ತೆಂಗಿನಕಾಯಿಯ ಚೀಲ, ಅದು ಆಗಲೇ ಅಡುಗೆಮನೆ ಸೇರಿತ್ತು. ಈ ಎಲೆಗಳು ಆ ಚೀಲದವಲ್ಲ. ಕೊಟ್ಟವರು ಬೇರೆ. ಅವರ ವಿಷಯಕ್ಕೆ ಬರುತ್ತೇನೆ, ಅವಸರ ಮಾಡಬೇಡಿ. ನನಗೆ ಕನ್ನಡಕವೇ ಇನ್ನೂ ಸಿಕ್ಕಿಲ್ಲ.

ಮುಳಬಾಗಿಲು ತಾಲ್ಲೂಕಿನಲ್ಲಿ ಬೈರಕೂರಿನ ಹತ್ತಿರ ನಮ್ಮೂರು. ಊರು ಚಿಕ್ಕದು, ಮನೆಯೂ ಅಂಥ ದೊಡ್ಡದೇನಲ್ಲ. ನಾಲ್ಕು ಮಾವಿನ ಮರ, ಒಂದಿಷ್ಟು ರಾಗಿ ಹೊಲ, ಬಾವಿಯ ಪಕ್ಕ ಹಿಪ್ಪುನೇರಳೆ. ಆದರೆ ನಮ್ಮ ಮನೆಗೆ ಕಟ್ಟೆಮನೆ ಅಂತ ಹೆಸರಿತ್ತು. ಸುತ್ತಲ ಹನ್ನೆರಡು ಹಳ್ಳಿಯ ನಮ್ಮವರಲ್ಲಿ ಯಾರ ಮನೆಯ ಮದುವೆಯಾದರೂ ಧಾರೆಗೆ ಮೊದಲು ಹಿತ್ತಾಳೆ ತಟ್ಟೆಯಲ್ಲಿ ವೀಳ್ಯ ಇಟ್ಟು, ಸಭೆಗೆ ಕೇಳುವ ಹಾಗೆ ಕೂಗಿ, ಮೊದಲ ವೀಳ್ಯವನ್ನು ಕಟ್ಟೆಮನೆಯ ಯಜಮಾನನ ಕೈಗೆ ಕೊಡಬೇಕು. ಆಮೇಲೆ ಉಳಿದವರಿಗೆ, ಆಮೇಲೆ ಧಾರೆ. ಯಜಮಾನ ವೀಳ್ಯ ತೆಗೆದುಕೊಂಡ ಅಂದರೆ ಈ ಮದುವೆಗೆ ಹನ್ನೆರಡು ಹಳ್ಳಿಯ ಒಪ್ಪಿಗೆ ಸಿಕ್ಕಿತು ಅಂತ ಅರ್ಥ. ಆ ಯಜಮಾನಿಕೆ ನಮ್ಮ ಮನೆಯಲ್ಲಿ ಏಳು ತಲೆಯಿಂದ ಬಂದಿದೆ ಎಂದು ಅಪ್ಪ ಹೇಳುತ್ತಿದ್ದರು. ಏಳೂ ತಲೆಗಳ ಹೆಸರು ಹೇಳಿ ಅಂದರೆ ನಾಲ್ಕು ಹೇಳಿ, ಉಳಿದ ಮೂರರ ಹೊತ್ತಿಗೆ ಅವರಿಗೆ ನೀರಡಿಕೆ ಆಗಿಬಿಡುತ್ತಿತ್ತು.

ಅದರಿಂದ ಬರುತ್ತಿದ್ದದ್ದು ಏನು ಎಂದು ಕೇಳಿದರೆ, ಎರಡು ಎಲೆ, ಒಂದು ಅಡಿಕೆ, ಊಟಕ್ಕೆ ಮೊದಲ ಸಾಲಿನಲ್ಲಿ ಒಂದು ಜಾಗ. ಅಷ್ಟಕ್ಕಾಗಿ ಅಪ್ಪ ಎಷ್ಟು ಓಡಾಡಿದರು ಅನ್ನುತ್ತೀರಿ! ಮಾಘದಿಂದ ವೈಶಾಖದವರೆಗೆ ಅವರು ಮನೆಯಲ್ಲಿ ಉಂಡದ್ದೇ ಕಡಿಮೆ. ಬಸ್ಸು, ಎತ್ತಿನ ಗಾಡಿ, ಯಾರದೋ ಸೈಕಲ್ಲಿನ ಕ್ಯಾರಿಯರ್, ಏನೂ ಇಲ್ಲದಿದ್ದರೆ ಕಾಲು. ಒಗೆದ ಪಂಚೆ, ಮೇಲೊಂದು ಕೋಟು, ತಲೆಗೆ ರುಮಾಲು, ಕೈಯಲ್ಲಿ, ಹಿಡಿಗೆ ಉಂಡೆಯಂಥ ಬೆಳ್ಳಿಯ ಗುಬ್ಬಿಯಿದ್ದ ಬೆತ್ತ. ಆ ಬೆತ್ತವೇ ಯಜಮಾನಿಕೆಯ ಗುರುತು. ಒಂದೇ ಮುಹೂರ್ತಕ್ಕೆ ಎರಡು ಊರಲ್ಲಿ ಮದುವೆ ಬಿದ್ದರೆ ಒಂದಕ್ಕೆ ಅಪ್ಪ ಹೋಗುವುದು, ಇನ್ನೊಂದಕ್ಕೆ ಬೆತ್ತ ಹೋಗುವುದು. ಅಮ್ಮ ಹೊಲಿದಿದ್ದ ಹಳದಿ ಬಟ್ಟೆಯ ಗವಸಿನಲ್ಲಿ ಹಾಕಿ, ನಂಬಿಕೆಯ ಒಬ್ಬರ ಕೈಲಿ ಕಳಿಸುತ್ತಿದ್ದರು. ಅಲ್ಲಿ ಬೆತ್ತಕ್ಕೆ ಒಂದು ಕುರ್ಚಿ ಹಾಕಿ ಒರಗಿಸಿ ಕೂರಿಸಿ, ಅದರ ಮುಂದೆ ವೀಳ್ಯ ಹಿಡಿಯುತ್ತಿದ್ದರು. ತಂದವನು ಬೆತ್ತದ ಪರವಾಗಿ ಎತ್ತಿಕೊಳ್ಳುತ್ತಿದ್ದ. ಬೆತ್ತ ಕೂತ ಕುರ್ಚಿಯ ಪಕ್ಕ ಜನ ಚಪ್ಪಲಿ ಹಾಕಿಕೊಂಡು ಓಡಾಡುತ್ತಿರಲಿಲ್ಲ. ಅದರ ಎದುರು ಬೀಡಿಯನ್ನೂ ಹಚ್ಚುತ್ತಿರಲಿಲ್ಲ. ಅಪ್ಪ ಖುದ್ದಾಗಿ ಕೂತಿದ್ದಾಗ ಇಷ್ಟು ಮರ್ಯಾದೆ ಇರಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು.

ಅಪ್ಪನಿಗೆ ನಾನೊಬ್ಬಳೇ ಮಗಳು. ಚಿಕ್ಕವಳಿದ್ದಾಗ ಮದುವೆಗಳಿಗೆಲ್ಲ ಅವರ ಬೆನ್ನಿಗೆ ಬಿದ್ದು ಹೋಗುತ್ತಿದ್ದೆ. ವೀಳ್ಯ ಕೂಗುವ ಮುನಿಯಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡರೆ ನನ್ನ ಬೆನ್ನೂ ತಾನಾಗಿ ನೆಟ್ಟಗಾಗುತ್ತಿತ್ತು. ಯಾವ ಊರಲ್ಲಿ ಯಾರಿಗೆ ಎಷ್ಟನೆಯ ವೀಳ್ಯ, ಯಾರ ಮನೆಯವರು ಯಾರ ನಂತರ ಅನ್ನುವುದೆಲ್ಲ ನನಗೆ ಬಾಯಿಪಾಠ. ಒಂದೆರಡು ಸಲ ಮುನಿಯಪ್ಪನೇ ಮರೆತು ನನ್ನ ಕಡೆ ನೋಡಿದ್ದುಂಟು. ಮುಚ್ಚಿಡುವುದೇನು, ನನಗೆ ಆ ಯಜಮಾನಿಕೆ ಬೇಕಿತ್ತು. ಹೊಸ ಲಂಗ ಬೇಡ, ಜಾತ್ರೆ ಬಳೆ ಬೇಡ, ಆ ತಟ್ಟೆ ನನ್ನ ಮುಂದೆ ಬರಬೇಕು. ಬರುವುದಿಲ್ಲ ಅನ್ನುವುದು ಗೊತ್ತಾದಾಗ ನನಗೆ ಹನ್ನೊಂದೋ ಹನ್ನೆರಡೋ ವಯಸ್ಸು. ಅದು ಗಂಡಿನಿಂದ ಗಂಡಿಗೆ ಹೋಗುವಂಥದ್ದು. ಅಪ್ಪನ ನಂತರ ಅದು ಅವರ ಚಿಕ್ಕಪ್ಪನ ಮಗನಿಗೆ, ಅಂದರೆ ನನಗೆ ಚಿಕ್ಕಪ್ಪನಾಗಬೇಕಾದ ವೆಂಕಟೇಶಪ್ಪನಿಗೆ ಸೇರಬೇಕು.

ಚಿಕ್ಕಪ್ಪ ಅಪ್ಪನಿಗಿಂತ ತುಂಬಾ ಚಿಕ್ಕವನು. ನಮ್ಮ ಮನೆಯ ಪಕ್ಕದಲ್ಲೇ ಅವನ ಮನೆ, ನಡುವೆ ಒಂದು ನುಗ್ಗೆಮರ. ಗಟ್ಟಿ ಗಂಟಲಿನ ಮನುಷ್ಯ. ಅಪ್ಪನಿಗೆ ಕೆಮ್ಮು ಬಂದರೆ ಬಾಗಿಲಿಗೆ ಬಂದು, ಅಣ್ಣಯ್ಯ ಹೇಗಿದ್ದಾನೆ ಎಂದು ವಿಚಾರಿಸುತ್ತಿದ್ದ. ಆ ವಿಚಾರಣೆಯಲ್ಲಿ ನನಗೆ ಮಾತ್ರ ಏನೇನೋ ಕೇಳಿಸುತ್ತಿತ್ತು. ಅಪ್ಪ ಬೆತ್ತ ಒರಸುವಾಗ ಅವನು ನೋಡುತ್ತಾ ನಿಲ್ಲುವುದನ್ನೂ ನಾನು ಗುರುತು ಹಾಕಿಕೊಂಡಿದ್ದೆ. ಬೆತ್ತ ಕಳಿಸಬೇಕಾದಾಗಲೆಲ್ಲ, ನಾನು ತಗೊಂಡು ಹೋಗ್ತೀನಣ್ಣ ಎಂದು ಮುಂದೆ ಬರುತ್ತಿದ್ದವನು ಅವನೇ. ಅಪ್ಪ ಏನಾದರೊಂದು ನೆಪ ಹೇಳಿ ಬೇರೆಯವರ ಕೈಲಿ ಕಳಿಸುತ್ತಿದ್ದರು. ಈಗಿನಿಂದಲೇ ಕೈಗೆ ರೂಢಿಯಾಗಿಬಿಟ್ಟರೆ ಕಷ್ಟ ಎಂದು ಅವರ ಹೆದರಿಕೆ ಇದ್ದಿರಬೇಕು. ನಾನಂತೂ ಹಾಗೇ ತಿಳಿದಿದ್ದೆ.

ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ನನಗೆ ಮದುವೆಯಾಯಿತು. ಒಬ್ಬಳೇ ಮಗಳೆಂದು ಮನೆ ಅಳಿಯನನ್ನೇ ತಂದರು. ಮಾಲೂರಿನವರು. ಅವರ ತಂದೆ ಅಲ್ಲಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಇವರು ಮುಳಬಾಗಿಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಆಗ ಮೇಷ್ಟ್ರು ಎಂದು ಕರೆಯಲು ಶುರು ಮಾಡಿದವಳು ಇವತ್ತಿಗೂ ಹಾಗೇ ಕರೆಯುತ್ತೇನೆ. ಮೇಷ್ಟ್ರ ಮನೆತನ ಬೇರೆಯಾದ್ದರಿಂದ ಅವರಿಗೂ ಯಜಮಾನಿಕೆ ಬರುವ ಹಾಗಿಲ್ಲ, ನಾಳೆ ನಮಗೆ ಮಗ ಹುಟ್ಟಿದರೆ ಅವನಿಗೂ ಇಲ್ಲ. ನಿಮ್ಮ ವಂಶದಲ್ಲಿ ಏನು ಬರುತ್ತೆ ಎಂದು ಅಪ್ಪ ಮದುವೆಯ ಹೊಸದರಲ್ಲಿ ಅಳಿಯನನ್ನು ಕೇಳಿದರಂತೆ. ಮೇಷ್ಟ್ರು ಯೋಚನೆ ಮಾಡಿ, ಬಿಸಿಲಿಗೆ ನೆಗಡಿ ಬರುತ್ತೆ ಮಾವ, ಅಂದರಂತೆ.

ಈ ಮೇಷ್ಟ್ರು ಒಂದು ದಿನ ಕೋಲಾರದ ಹಳೇ ಪೇಪರಿನ ಅಂಗಡಿಯಿಂದ ಒಂದು ದಪ್ಪ ಪುಸ್ತಕ ತಂದರು. ಹಿಂದಿನ ರಟ್ಟು ಇಲ್ಲ, ಮುಂದಿನದೂ ಇಲ್ಲ. ಬ್ರಿಟಿಷರ ಕಾಲದಲ್ಲಿ ಯಾರ ಬಂಗಲೆಯಲ್ಲಿತ್ತೋ ಏನೋ. ಅದರ ತುಂಬ ಐರ್ಲೆಂಡಿನ ಒಂದು ಬ್ಯಾರನ್ ಮನೆತನದ ಕಥೆ, ಆ ಪದವಿ ಯಾರಿಂದ ಯಾರಿಗೆ ಹೇಗೆ ಬಂತು ಅನ್ನುವುದೇ ಕಥೆ. ಸಂಜೆ ಸ್ಕೂಲಿಂದ ಬಂದು ಕಾಫಿ ಕುಡಿದು ಜಗಲಿಯ ಮೇಲೆ ಕೂತು ಓದುತ್ತಿದ್ದರು. ಅಪ್ಪ, ಅದೇನಪ್ಪ ದಿನಾ ಅದನ್ನೇ ಓದ್ತೀಯ ಎಂದು ಕೇಳಿದ್ದೇ ತಪ್ಪಾಯಿತು. ಅಲ್ಲಿಂದ ಮುಂದೆ ದಿನಾ ಸಂಜೆ ನಮ್ಮ ಜಗಲಿಗೆ ಐರ್ಲೆಂಡು ಬಂದು ಕೂರುತ್ತಿತ್ತು.

ಆ ಕಥೆಯನ್ನು ನಾನೂ ಹುರುಳಿ ಆರಿಸುತ್ತಾ ಕೇಳಿದವಳೇ. ಮೊದಲನೆಯ ಬ್ಯಾರನ್ನು ಯಾವುದೋ ಯುದ್ಧಕ್ಕೆ ಆಳುಗಳನ್ನು ಕಳಿಸಿ ರಾಜನಿಂದ ಪದವಿ ಪಡೆದ. ಅವನ ನಂತರ ಹಿರಿಯ ಮಗ. ಆ ಮಗ ಮದುವೆಯಾಗದೆ ಸತ್ತ, ತಮ್ಮನಿಗೆ ಬಂತು. ತಮ್ಮನ ಮಗ ಕುದುರೆಯಿಂದ ಬಿದ್ದ, ಮೊಮ್ಮಗನಿಗೆ ಬಂತು. ಯಾರು ಬಿದ್ದರು, ಯಾರು ಎದ್ದರು ಎಂದು ಅಪ್ಪ ಬೆರಳಲ್ಲಿ ಎಣಿಸುತ್ತಿದ್ದರು. ತಮ್ಮ ಏಳು ತಲೆಯಲ್ಲಿ ಮೂರನ್ನು ಮರೆಯುವ ಮನುಷ್ಯ ಆ ಬ್ಯಾರನ್ನರನ್ನು ಒಬ್ಬರನ್ನೂ ಬಿಡದೆ ಹೇಳುತ್ತಿದ್ದರು. ಹೊಲದಲ್ಲಿ ನೀರು ಕಟ್ಟುವಾಗಲೂ ಮೇಷ್ಟ್ರನ್ನು ಕಂಡರೆ, ಆ ಕುದುರೆಯಿಂದ ಬಿದ್ದೋನ ಹೆಂಡತಿ ಕಥೆ ಏನಾಯ್ತಪ್ಪ ಅನ್ನುವರು.

ಆಮೇಲೆ ಬಂತು ನೋಡಿ ನಮ್ಮ ಮನೆಗೆ ತಾಗುವ ಭಾಗ. ಒಬ್ಬ ಬ್ಯಾರನ್ನಿಗೆ ನಾಲ್ಕು ಜನ ಹೆಣ್ಣುಮಕ್ಕಳು, ಗಂಡಿಲ್ಲ. ಅವನು ಸತ್ತ ಮೇಲೆ ಪದವಿ ಆ ನಾಲ್ವರಲ್ಲಿ ಯಾರಿಗೂ ಬರಲಿಲ್ಲ. ವಕೀಲರು ಹುಡುಕಿ ಹುಡುಕಿ, ಸಮುದ್ರದಾಚೆ ಎಲ್ಲೋ ಕುದುರೆಗೆ ಜೀನು ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ದೂರದ ದಾಯಾದಿಯನ್ನು ಗೊತ್ತು ಮಾಡಿ, ನೀನೇ ಈಗ ಬ್ಯಾರನ್ನು ಎಂದು ಕಾಗದ ಬರೆದರು. ಕಾಗದ ಅವನ ಕೈ ಸೇರಿತು. ಅಲ್ಲಿಗೆ ಪುಸ್ತಕದ ಹಾಳೆಗಳು ಮುಗಿದಿದ್ದವು. ಉಳಿದದ್ದು ಕೋಲಾರದಲ್ಲಿ ಯಾರ ಕಡಲೆಕಾಯಿ ಪೊಟ್ಟಣ ಆಯಿತೋ, ಅವನು ಒಪ್ಪಿದನೋ ಇಲ್ಲವೋ ನಮಗೆ ತಿಳಿಯಲಿಲ್ಲ.

ಅಪ್ಪನಿಗೆ ಇದು ಸಹಿಸಲಿಕ್ಕೇ ಆಗಲಿಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ಜೀನು ಹೊಲಿಯುವವನು ಎಂಥವನು, ಕುಡಿಯುತ್ತಿದ್ದನಾ, ಆ ಹೆಣ್ಣುಮಕ್ಕಳನ್ನು ಚೆನ್ನಾಗಿ ನೋಡಿಕೊಂಡನಾ ಎಂದು ಅಳಿಯನನ್ನು ಗೋಳು ಹೊಯ್ದುಕೊಂಡರು. ನನಗೆ ಕೋಪ ಬಂದಿತ್ತು. ನಾಲ್ವರು ಹೆಣ್ಣುಮಕ್ಕಳು ಮನೆಯಲ್ಲೇ ಇದ್ದರಲ್ಲ ಅಪ್ಪ, ಸಮುದ್ರ ದಾಟಿ ಯಾಕೆ ಹುಡುಕಬೇಕಿತ್ತು ಎಂದೆ. ಅಪ್ಪ ನುಗ್ಗೆಮರದ ಕಡೆ ನೋಡಿದರು. ಅಲ್ಲಿ ಚಿಕ್ಕಪ್ಪ ಎಮ್ಮೆ ಮೈ ತೊಳೆಯುತ್ತಿದ್ದ.

ಇನ್ನು ನಂಗಲಿಯ ಮದುವೆ. ಆ ಬೇಸಿಗೆಯಲ್ಲಿ ಒಂದೇ ದಿನ, ಒಂದೇ ಹೊತ್ತಿಗೆ ಎರಡು ಮುಹೂರ್ತ, ಒಂದು ಶ್ರೀನಿವಾಸಪುರದ ಕಡೆ, ಇನ್ನೊಂದು ನಂಗಲಿಯಲ್ಲಿ. ಅಪ್ಪ ಶ್ರೀನಿವಾಸಪುರಕ್ಕೆ ಹೋಗುವುದು, ಬೆತ್ತವನ್ನು ಮೇಷ್ಟ್ರು ನಂಗಲಿಗೆ ಒಯ್ಯುವುದು ಎಂದು ತೀರ್ಮಾನವಾಗಿತ್ತು. ಬೆಳಗಿನ ಮೊದಲ ಬಸ್ಸಿಗೆ ಅಪ್ಪ ಹೊರಟುಹೋದರು. ಸ್ವಲ್ಪ ಹೊತ್ತಿಗೆ ಸ್ಕೂಲಿನ ಜವಾನ ಸೈಕಲ್ ತುಳಿದುಕೊಂಡು ಬಂದು, ಇನ್ನೊಬ್ಬ ಮೇಷ್ಟ್ರಿಗೆ ಜ್ವರ, ನೀವೇ ಪರೀಕ್ಷೆಯ ಡ್ಯೂಟಿಗೆ ಬರಬೇಕಂತೆ ಎಂದ. ಆ ಮಾತು ಮುಗಿಯುವ ಮೊದಲೇ ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದ. ಅವನೂ ಅದೇ ಮದುವೆಗೆ ಹೊರಟಿದ್ದವನೇ. ಕೊಡಮ್ಮ, ಹೇಗೂ ಹೋಗ್ತಿದೀನಿ, ನಾನೇ ತಗೊಂಡು ಹೋಗ್ತೀನಿ ಎಂದು ಕೈ ಚಾಚಿದ. ಆ ಚಾಚಿದ ಕೈ ನೋಡಿ ನನಗೇನಾಯಿತೋ. ನಾನೇ ಹೋಗ್ತೀನಿ ಅಂದುಬಿಟ್ಟೆ. ಅಮ್ಮ ಒಳಗಿನಿಂದ ಹಳದಿ ಗವಸಿನಲ್ಲಿ ಕಟ್ಟಿದ್ದ ಬೆತ್ತ ತಂದು ಕೊಟ್ಟಳು. ಸೀರೆ ಬದಲಿಸಿ, ಅದನ್ನು ಎದೆಗೊತ್ತಿಕೊಂಡು ಬಸ್ಸು ಹತ್ತಿದೆ. ಚಿಕ್ಕಪ್ಪ ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತ.

ನಂಗಲಿಯಲ್ಲಿ ಮದುವೆ ಮನೆ ಹೆದ್ದಾರಿಯ ಪಕ್ಕದಲ್ಲೇ. ಲಾರಿಗಳ ಹಾರನ್ನಿನಲ್ಲಿ ಓಲಗ ಅರ್ಧ ಕೇಳಿಸುತ್ತಿರಲಿಲ್ಲ. ಚಪ್ಪರದ ಕೆಳಗೆ ಬೆತ್ತಕ್ಕೆಂದು ಹಾಕಿದ್ದ ಕುರ್ಚಿ ಕಾಯುತ್ತಿತ್ತು. ಹಸೆಯ ಮೇಲೆ ಕೂತಿದ್ದ ಮದುಮಗಳು ತಲೆ ತಗ್ಗಿಸಿಕೊಂಡೇ ಓರೆಗಣ್ಣಲ್ಲಿ ನನ್ನನ್ನು ನೋಡಿದಳು, ಹದಿನೆಂಟು ಹತ್ತೊಂಬತ್ತು ಇರಬಹುದು. ಇನ್ನೂರು ಜನರ ಕಣ್ಣು ನನ್ನ ಕೈಯ ಮೇಲೆ. ನಾನು ರಾಜಗಾಂಭೀರ್ಯದಿಂದ ಕುರ್ಚಿಯವರೆಗೆ ನಡೆದು, ಗವಸಿನ ದಾರ ಬಿಚ್ಚಿದೆ. ಬಟ್ಟೆ ಒಂದು ಗೇಣು ಕೆಳಗೆ ಜಾರಿತು. ಬೆಳ್ಳಿಯ ಗುಬ್ಬಿ ಇರಬೇಕಾದಲ್ಲಿ ಮಸಿ ಹಿಡಿದ ಕಪ್ಪು ತುದಿ.

ಅದು ನಮ್ಮ ಮನೆಯ ಅವರೆ ಬಡಿಯುವ ಕೋಲು. ಅವರೆ ಕಾಲ ಮುಗಿದ ಮೇಲೆ ಅಮ್ಮ ಅದನ್ನೇ ಹಂಡೆ ಒಲೆಯ ಸೌದೆ ತಳ್ಳಲು ಬಳಸುತ್ತಿದ್ದಳು, ಹಾಗಾಗಿ ಒಂದು ತುದಿ ಸುಟ್ಟಿತ್ತು. ಆದದ್ದು ಏನೆಂದರೆ, ಅಪ್ಪ ಬೆಳಗಿನ ಮಬ್ಬಿನಲ್ಲಿ ರೂಢಿಯಂತೆ ಬೆತ್ತ ಹಿಡಿದುಕೊಂಡೇ ಹೊರಟುಬಿಟ್ಟಿದ್ದರು. ಅಮ್ಮನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಗೂಟದಲ್ಲಿ ಗವಸು ಖಾಲಿ ನೇತಾಡುವುದನ್ನೂ, ಬಾಗಿಲ ಹಿಂದೆ ಕೋಲೊಂದು ಒರಗಿರುವುದನ್ನೂ ನೋಡಿ, ಇವರು ಗವಸು ಹಾಕುವುದನ್ನು ಮರೆತರು ಎಂದುಕೊಂಡು ತಾನೇ ಹಾಕಿ ಭದ್ರವಾಗಿ ಕಟ್ಟಿದ್ದಳು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಗಳಿಗೆಯಲ್ಲಿ ಗೊತ್ತಿದ್ದದ್ದು ಇಷ್ಟೇ. ಬೆತ್ತವಿಲ್ಲದೆ ವೀಳ್ಯವಿಲ್ಲ, ವೀಳ್ಯವಿಲ್ಲದೆ ಧಾರೆಯಿಲ್ಲ, ಧಾರೆಯ ಮುಹೂರ್ತಕ್ಕೆ ಕಾಲು ಗಂಟೆಯೂ ಇಲ್ಲ. ನನ್ನ ಕೈ ಮರಗಟ್ಟಿಹೋಯಿತು. ಮುಚ್ಚಬೇಕು ಅನ್ನುವುದು ಕೂಡ ಹೊಳೆಯಲಿಲ್ಲ.

ಅಷ್ಟರಲ್ಲಿ ಸಭೆಯ ಆ ಕೊನೆಯಲ್ಲಿ ಚಿಕ್ಕಪ್ಪ ಎದ್ದು ನಿಂತ. ಲಾರಿ ಹಾರನ್ನನ್ನೂ ಮೀರಿಸುವ ಗಂಟಲಲ್ಲಿ ಕೂಗಿದ.

"ಏನ್ರಯ್ಯಾ ಇದು? ಹೆಂಗಸು ಬಂದು ವೀಳ್ಯ ತಗೊಳ್ಳೋದು ಯಾವೂರ ಪದ್ಧತಿ? ಕೇಳೋರೇ ಇಲ್ವಾ?"

ಇನ್ನೂರು ತಲೆಗಳೂ ಅವನ ಕಡೆ ತಿರುಗಿದವು. ಕುರ್ಚಿಯ ಪಕ್ಕದಲ್ಲಿದ್ದ ಮುನಿಯಪ್ಪ ಮಾತ್ರ ಕೋಲನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಗವಸನ್ನು ಮೇಲಕ್ಕೆಳೆದು ದಾರ ಬಿಗಿದು ಕಟ್ಟಿದ. ಕೈ ಕೆಲಸ ಮುಗಿಸಿ, ಸಭೆಯ ಕಡೆ ತಿರುಗಿ ನಿಧಾನವಾಗಿ ಹೇಳಿದ.

"ವೀಳ್ಯ ತಗೊಳ್ಳೋದು ಬೆತ್ತ ಸ್ವಾಮಿ, ಅಮ್ಮ ಹೊತ್ಕೊಂಡು ಬಂದವ್ರೆ ಅಷ್ಟೇ. ಯಜಮಾನ್ರು ಬಿಸಿಲಲ್ಲಿ ಬಂದವ್ರೆ, ಮುಸುಕು ಹಾಗೇ ಇರ್ಲಿ."

ಜನ ನಕ್ಕರು. ಹಿರಿಯರು ಇಬ್ಬರು ಚಿಕ್ಕಪ್ಪನನ್ನು ಗದರಿಸಿ ಕೂರಿಸಿದರು. ಮುನಿಯಪ್ಪ ವೀಳ್ಯ ಕೂಗಿದ. ತಟ್ಟೆ ಅವರೆ ಕೋಲಿನ ಮುಂದೆ ಬಂತು. ಕೋಲಿಗೆ ಎಲ್ಲರೂ ಕೈ ಮುಗಿದರು. ನಾನು ಸೆರಗೊಡ್ಡಿ ವೀಳ್ಯ ಎತ್ತಿಕೊಂಡೆ. ಚಿಕ್ಕಂದಿನಿಂದ ಬಯಸಿದ್ದ ತಟ್ಟೆ ಅದು. ಮುಂದೆ ಬಂದಾಗ ನನ್ನ ಕಣ್ಣು ಗವಸಿನ ದಾರ ಬಿಟ್ಟು ಆಚೀಚೆ ಹೋಗಲಿಲ್ಲ. ಓಲಗ ಜೋರಾಯಿತು, ಧಾರೆ ಆಯಿತು, ಹೋಳಿಗೆ ಊಟವೂ ಆಯಿತು. ಚಿಕ್ಕಪ್ಪನ ಪಕ್ಕ ಮಾತ್ರ ಯಾರೂ ಕೂರಲಿಲ್ಲ.

ಮನೆಗೆ ಬಂದಾಗ ಅಪ್ಪ ಆಗಲೇ ಜಗಲಿಯ ಮೇಲೆ ಕೂತಿದ್ದರು, ತೊಡೆಯ ಮೇಲೆ ಬೆಳ್ಳಿ ಗುಬ್ಬಿಯ ಬೆತ್ತ. ಮುಖ ಬೂದಿಯಾಗಿತ್ತು. ಶ್ರೀನಿವಾಸಪುರದಲ್ಲಿ ಬೀಗರು, ನಂಗಲಿಯಲ್ಲೂ ಮದುವೆಯಂತೆ, ಯಜಮಾನರೂ ಇಲ್ಲೇ ಬೆತ್ತವೂ ಇಲ್ಲೇ ಎಂದು ತಮಾಷೆ ಮಾಡಿದಾಗಲೇ ಅವರಿಗೆ ಎಚ್ಚರವಾದದ್ದು. ನಂಗಲಿಯ ಧಾರೆ ನಿಂತೇಹೋಯಿತು ಎಂದು ಬಸ್ಸಿನಲ್ಲಿ ಕಣ್ಣೀರು ಹಾಕಿಕೊಂಡು ಬಂದಿದ್ದರಂತೆ. ನಾನು ವೀಳ್ಯವನ್ನು ಅವರ ಮುಂದಿಟ್ಟೆ. ಗವಸು ಬಿಚ್ಚಿ ಮಸಿಯ ತುದಿ ನೋಡಿದರು.

"ಧಾರೆ ಆಯ್ತಾ ಅಮ್ಮಾಯಿ?" ಎಂದರು.

ಆಯಿತು ಅಂದೆ. ಜನ ಕೈ ಮುಗಿದರಾ ಎಂದು ಕೇಳಿದರು. ಮುಗಿದರು ಅಂದೆ. ಅಪ್ಪ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿ, ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ಅಮ್ಮನೂ ಬಂದಳು, ಏನೆಂದು ತಿಳಿಯದೆ ಅವಳೂ ನಕ್ಕಳು. ಮೇಷ್ಟ್ರು ಪರೀಕ್ಷೆ ಮುಗಿಸಿ ಸೈಕಲ್ ನಿಲ್ಲಿಸುತ್ತಿದ್ದ ಹಾಗೆಯೇ ಅಪ್ಪ ಅವರನ್ನು ಕೂಗಿ ಕರೆದರು.

"ಆ ಐರ್ಲೆಂಡಿನ ನಾಲ್ಕು ಹೆಣ್ಮಕ್ಳ ಕೈಗೆ ಯಾರೂ ಒಂದು ಕೋಲು ಕೊಟ್ಟಿರ್ಲಿಲ್ವೇನಪ್ಪಾ?"

ಆ ಮಾತು ಕೇಳಿ ನನಗೆ ಆಸೆ ಹುಟ್ಟಿತು. ಸುಳ್ಳು ಹೇಳುವುದಿಲ್ಲ, ದೊಡ್ಡ ಆಸೆಯೇ ಹುಟ್ಟಿತು. ಹನ್ನೆರಡು ಹಳ್ಳಿಯವರು ಒಂದು ಸಲ ಒಪ್ಪಿದ್ದಾರೆ, ಇನ್ನೊಂದು ಸಲ ಯಾಕೆ ಒಪ್ಪಬಾರದು? ಅಪ್ಪ ಬಾಯಿಬಿಟ್ಟು ಹೇಳಿದರೆ ಸಾಕಿತ್ತು.

ಎಂಬತ್ತರ ದಶಕದ ಮೊದಲಲ್ಲಿ ಅಪ್ಪನಿಗೆ ಮೊಣಕಾಲು ಪೂರಾ ಕೈಕೊಟ್ಟಿತು. ಒಂದು ದಿನ ಬೆಳಿಗ್ಗೆ ಸ್ನಾನ ಮಾಡಿ ರುಮಾಲು ಸುತ್ತಿಕೊಂಡು ಜಗಲಿಯ ಮೇಲೆ ಕೂತು, ನನ್ನನ್ನೂ ಮೇಷ್ಟ್ರನ್ನೂ ಕರೆದರು. ನುಗ್ಗೆಮರದಾಚೆಯಿಂದ ಚಿಕ್ಕಪ್ಪನನ್ನೂ ಕರೆಸಿದರು. ಬೆಳ್ಳಿ ಗುಬ್ಬಿಯ ಬೆತ್ತವನ್ನು ಎರಡು ಕೈಯಲ್ಲಿ ಹಿಡಿದು ಚಿಕ್ಕಪ್ಪನ ಕೈಗೆ ಕೊಟ್ಟರು. ಇನ್ನೂ ಬದುಕಿದ್ದಾಗಲೇ, ನಗುನಗುತ್ತಲೇ ಕೊಟ್ಟರು. ಚಿಕ್ಕಪ್ಪ ಅವರ ಕಾಲಿಗೆ ಬಿದ್ದು ಮಗುವಿನ ಹಾಗೆ ಅತ್ತ. ಆಮೇಲೆ ಅಪ್ಪ ಬಾಗಿಲ ಹಿಂದಿನಿಂದ ಅವರೆ ಕೋಲನ್ನು ತರಿಸಿ ನನ್ನ ಕೈಯಲ್ಲಿಟ್ಟರು. ಇದೂ ಒಂದು ಸಲ ವೀಳ್ಯ ತಗೊಂಡಿದೆ, ಇದು ನಿನ್ನದು ಎಂದರು. ಮೇಷ್ಟ್ರ ಕಡೆ ತಿರುಗಿ, ಆ ಜೀನು ಹೊಲಿಯೋನು ಒಪ್ಪಿಕೊಂಡ ಅಂತಲೇ ಬರ್ಕೊಳಪ್ಪ, ಒಳ್ಳೆಯವನೇ ಅವನು ಎಂದರು. ಮೇಷ್ಟ್ರು ಪುಸ್ತಕದ ಕೊನೆಯ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಹಾಗೇ ಬರೆದರು.

ನನಗೆ ನೋವಾಯಿತು. ತೋರಿಸಿಕೊಳ್ಳಲಿಲ್ಲ. ಸಭೆಯಲ್ಲಿ ನನ್ನ ಮಾನ ಕಳೆಯಲು ನಿಂತವನಿಗೆ ಬೆತ್ತ, ಮದುವೆ ಉಳಿಸಿದವಳಿಗೆ ಸೌದೆ ಕೋಲು. ಗಂಡಿನಿಂದ ಗಂಡಿಗೆ ಅನ್ನುವ ನಿಯಮವನ್ನು ಅಪ್ಪನೂ ದಾಟಲಿಲ್ಲವಲ್ಲ ಅಂದುಕೊಂಡೆ. ಸಿಟ್ಟು ದಿನಕಳೆದಂತೆ ತಮಾಷೆಯಾಯಿತು. ನಂಗಲಿಯ ಕಥೆಯನ್ನು ಎಲ್ಲ ನಾಮಕರಣ, ಗೃಹಪ್ರವೇಶಗಳಲ್ಲಿ ಹೇಳಿದೆ. ಚಿಕ್ಕಪ್ಪ ಎದ್ದು ಕೂಗುವ ಜಾಗಕ್ಕೆ ಬಂದಾಗ ಅವನ ಗಂಟಲನ್ನೇ ಅನುಕರಣೆ ಮಾಡುತ್ತಿದ್ದೆ. ಅಪ್ಪ ಇದ್ದಷ್ಟು ದಿನ ಕೇಳಿ ಕೇಳಿ ನಗುತ್ತಿದ್ದರು. ಚಿಕ್ಕಪ್ಪ ಅಲ್ಲೇ ಇದ್ದರೆ ಅವನೂ ತಲೆ ತಗ್ಗಿಸಿ ನಗುತ್ತಿದ್ದ. ನಾಚಿಕೆಗೆಟ್ಟವನು ಎಂದುಕೊಳ್ಳುತ್ತಿದ್ದೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆಗಳು ಕೋಲಾರದ ಕಲ್ಯಾಣ ಮಂಟಪಗಳಿಗೆ ಬಂದವು. ಮುನಿಯಪ್ಪ ತೀರಿಕೊಂಡ. ಕೂಗುವವರಿಲ್ಲದೆ ಮೊದಲ ವೀಳ್ಯವೂ ಸದ್ದಿಲ್ಲದೆ ನಿಂತಿತು. ನಾವೂ ವರ್ಗವಾಗಿ ಕೋಲಾರಕ್ಕೆ ಬಂದು ಇಲ್ಲೇ ಮನೆ ಮಾಡಿದೆವು. ಮೇಷ್ಟ್ರು ಹಟ ಹಿಡಿದು ಮಾಲೂರಿನ ಹೆಂಚನ್ನೇ ಹೊದಿಸಿದರು. ಅವರೆ ಕೋಲು ನಮ್ಮ ಜೊತೆ ಬಂತು. ಎತ್ತರದ ತಂತಿಯಿಂದ ಬಟ್ಟೆ ತೆಗೆಯಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ನಿನ್ನೆಯ ಮದುವೆ ಚಿಕ್ಕಪ್ಪನ ಮೊಮ್ಮಗನದು. ಚಿಕ್ಕಪ್ಪನಿಗೆ ತೊಂಬತ್ತರ ಹತ್ತಿರ ಹತ್ತಿರ. ಮುಂದಿನ ಸಾಲಿನ ಕುರ್ಚಿಯಲ್ಲಿ ಬೆತ್ತ ಹಿಡಿದು ಕೂತಿದ್ದ. ಬೀಗರ ಕಡೆಯ ಹೆಂಗಸರು ಆ ಬೆಳ್ಳಿ ಗುಬ್ಬಿ ನೋಡಿ ಅದೇನೆಂದು ಕೇಳಿದರು. ನನಗೆ ಇಷ್ಟು ಸಾಕಲ್ಲ. ನಂಗಲಿಯ ಕಥೆ ಶುರು ಮಾಡಿದೆ, ಅನುಕರಣೆಯನ್ನೂ ಬಿಡಲಿಲ್ಲ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಚಿಕ್ಕಪ್ಪ ಬೆರಳು ಆಡಿಸಿ ನನ್ನನ್ನು ಕರೆದ. ಪಕ್ಕದಲ್ಲಿ ಕೂತೆ. ಆ ದೊಡ್ಡ ಗಂಟಲು ಈಗ ಇಲ್ಲ. ನನ್ನ ಕಿವಿಯನ್ನು ಅವನ ಬಾಯಿಯ ಹತ್ತಿರ ತರಬೇಕಾಯಿತು.

"ಅಮ್ಮಾಯಿ, ಆವತ್ತು ಮಸಿ ನನಗೂ ಕಾಣಿಸ್ತು."

ನನಗೆ ಅರ್ಥವಾಗಲಿಲ್ಲ.

"ಎಲ್ರೂ ಆ ಕೋಲನ್ನೇ ನೋಡ್ತಾ ಇದ್ರು, ಅದು ಬೆತ್ತ ಅಲ್ಲ ಅಂತ ಇನ್ನೂ ಹೊಳೆದಿರ್ಲಿಲ್ಲ. ನೀನು ಕಲ್ಲಾಗಿ ನಿಂತ್ಬಿಟ್ಟೆ. ಇನ್ನೊಂದು ಗಳಿಗೆ ಆಗಿದ್ರೆ ಆ ಹುಡುಗಿ ಧಾರೆ ನಿಂತ್ಹೋಗ್ತಿತ್ತು. ನನ್ ಕಡೆ ತಿರುಗ್ಲಿ ಅಂತ ಕೂಗಿದೆ. ಬಾಯಿಗೆ ಬಂದದ್ದು ಅದು, ಪೋನೀಲೇ, ಹೋಗ್ಲಿ ಬಿಡು."

ಅಪ್ಪನಿಗೆ ಗೊತ್ತಿತ್ತಾ ಎಂದು ಕೇಳಿದೆ. ಆವತ್ತು ಸಂಜೆಯೇ ಹೇಳಿದ್ದೆ ಅಂದ. ಹಾಗಾದರೆ ನನಗೆ ಇಷ್ಟು ವರ್ಷ ಯಾಕೆ ಯಾರೂ ಹೇಳಲಿಲ್ಲ?

"ನೀನು ಆ ಕಥೆ ಹೇಳೋವಾಗ ನಿಮ್ಮಪ್ಪ ಎಷ್ಟು ನಗ್ತಿದ್ದ ನೋಡಿದ್ದೀಯಲ್ಲ. ನಾನು ಕೆಟ್ಟೋನಾದ್ರೇನೇ ಅದು ಚೆನ್ನಾಗಿರೋದು. ಕೆಡಿಸೋದು ಯಾಕೆ ಅಂತ ಇಬ್ರೂ ಸುಮ್ಮನಾದ್ವಿ."

ಹ್ಯಾಗೆ ಹೇಳಲಿ ನಿಮಗೆ. ಬೆತ್ತ ಚಿಕ್ಕಪ್ಪನಿಗೆ ಹೋದದ್ದು ಅವನು ಗಂಡೆಂದಲ್ಲ. ಸಭೆಯಲ್ಲಿ ತನ್ನ ಹೆಸರು ಕೆಡಿಸಿಕೊಂಡು ಅಣ್ಣನ ಮಗಳ ಹೆಸರು ಉಳಿಸಿದ್ದಕ್ಕೆ. ಜೀನು ಹೊಲಿಯುವವನು ಒಳ್ಳೆಯವನೇ ಎಂದು ಅಪ್ಪ ಅಷ್ಟು ಖಚಿತವಾಗಿ ಹೇಳಿದ್ದು ಯಾರನ್ನು ಕುರಿತು ಎಂದು ಈಗ ತಿಳಿಯಿತು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಊರೂರಿನಲ್ಲಿ ಅವನ ಗಂಟಲು ಅನುಕರಿಸಿ ಜನರನ್ನು ನಗಿಸಿದ್ದೆ, ಅವನ ಎದುರೇ. ಕ್ಷಮೆ ಕೇಳಬೇಕಿತ್ತು. ಅವನ ಕೈ ಹಿಡಿದುಕೊಂಡೆ, ಅಷ್ಟೇ ಆಯಿತು. ಚಿಕ್ಕಪ್ಪ ಪಕ್ಕದ ತಟ್ಟೆಯಿಂದ ಎರಡು ಎಲೆ ಆರಿಸಿ, ಒರಸಿ, ನನ್ನ ಅಂಗೈಯಲ್ಲಿಟ್ಟ. ಇವತ್ತು ಯಾರೂ ಕೂಗಲಿಲ್ಲ, ಇದು ಮೊದಲನೆಯದು, ಇಟ್ಟುಕೋ ಎಂದ. ಕೈಚೀಲದಲ್ಲಿ ಹಾಕಿಕೊಂಡು ಬಂದೆ.

ಈಗ ಅವೇ ಎಲೆಗಳು ನನ್ನ ಕೈಯಲ್ಲಿವೆ. ಹಿತ್ತಲಿಗೆ ಹೋಗಿ ತಂತಿಯ ಪಕ್ಕದಿಂದ ಅವರೆ ಕೋಲು ತಂದೆ, ಒದ್ದೆ ಬಟ್ಟೆಯಲ್ಲಿ ಒರಸಿದೆ. ಕಪ್ಪು ತುದಿಯನ್ನು ಯಾವತ್ತೂ ಮುಟ್ಟಿದವಳಲ್ಲ, ಹಿಡಿಯುವುದು ನಡುವೆ, ಬಟ್ಟೆ ತೆಗೆಯುವುದು ಇನ್ನೊಂದು ತುದಿಯಲ್ಲಿ. ಇವತ್ತು ಉಜ್ಜಿ ನೋಡಿದೆ. ಇಷ್ಟು ವರ್ಷವಾದರೂ ಮಸಿ ಬೆರಳಿಗೆ ಹತ್ತಿತು. ಪಡಸಾಲೆಯ ಒಳ್ಳೆಯ ಕುರ್ಚಿಯಲ್ಲಿ ಕೋಲನ್ನು ಒರಗಿಸಿ, ಮುಂದೆ ಎರಡು ಎಲೆ ಇಟ್ಟೆ. ಮೇಷ್ಟ್ರು ಪೇಪರು ಹಿಡಿದು ಬಂದವರು ತಮ್ಮ ಕುರ್ಚಿ ತುಂಬಿರುವುದನ್ನು ನೋಡಿ ನಿಂತುಬಿಟ್ಟರು. ನನ್ನ ಕನ್ನಡಕ ಅವರ ಕೈಯಲ್ಲಿತ್ತು, ಪೇಪರಿನ ಕೆಳಗೆ ಸಿಕ್ಕಿತಂತೆ.

"ಇದ್ಯಾರು ಕೂತಿರೋದು?" ಎಂದರು.

"ಯಜಮಾನ್ರು ಬಿಸಿಲಲ್ಲಿ ಬಂದವ್ರೆ," ಅಂದೆ. "ನೀವು ಆ ಕಡೆ ಕೂತ್ಕೊಳ್ಳಿ. ಆ ಕಥೇನ ಸರಿಯಾಗಿ ಹೇಳ್ತೀನಿ."